ಟೈಫಾಯ್ಡ್ ಎಂದು ಬರೆದ ಚೀಟಿ

ಎಪ್ಪತ್ತರ ದಶಕದಲ್ಲಿ ಸಿರುಗುಪ್ಪದಲ್ಲಿ ದವಾಖಾನೆ ತೆರೆದಾಗ ನನಗೆ ಔಷಧಿ ಗೊತ್ತಿತ್ತು, ಕಾಯಿದೆ ಗೊತ್ತಿರಲಿಲ್ಲ. ರಜೆಯ ಚೀಟಿ ಎಂದರೆ ಒಂದು ಸಹಿ, ಒಂದು ರಬ್ಬರ್ ಸ್ಟಾಂಪು, ಮುಗಿಯಿತು ಎಂದುಕೊಂಡಿದ್ದೆ. ಸ್ಟಾಂಪಿನಲ್ಲಿ ನನ್ನ ಹೆಸರು ನೋಡಿ ಹಿಗ್ಗುವ ವಯಸ್ಸು ಬೇರೆ.

ಆಗ ಬಂದವರು ಸರಕಾರಿ ಶಾಲೆಯಲ್ಲಿ ಒಂದನೇ ಇಯತ್ತೆಗೆ ಪಾಠ ಹೇಳುತ್ತಿದ್ದ ಅಕ್ಕೋರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈಹಿಡಿದು ಅಕ್ಷರ ತಿದ್ದಿಸುವುದು ಅವರ ರೂಢಿ. ಎರಡು ತಿಂಗಳಿಂದ ಕೆಮ್ಮು. ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು.

"ಆ ಹೆಸರು ಬರೀಬ್ಯಾಡ್ರಿ ಡಾಕ್ಟ್ರೇ. ಬಾಡಿಗಿ ಮನಿಯವರು ಹೊರಗ ಹಾಕ್ತಾರ. ನೌಕ್ರಿ ಹೋದ್ರ ಕುರುಗೋಡಿನಾಗ ನಮ್ಮವ್ವನ್ನ ಯಾರು ನೋಡ್ತಾರ್ರಿ?"

ಟೈಫಾಯ್ಡ್, ಮೂರು ವಾರ ವಿಶ್ರಾಂತಿ ಎಂದು ಬರೆದುಕೊಟ್ಟೆ. ದೊಡ್ಡ ಉಪಕಾರ ಮಾಡಿದವನಂತೆ ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮೂರು ವಾರ ಕಳೆಯುತ್ತಲೇ ಅಕ್ಕೋರು ಮತ್ತೆ ಬಂದರು. ಇಂಜೆಕ್ಷನ್ ನಡೆದಿತ್ತು, ಆದರೆ ಕಫದಲ್ಲಿ ರೋಗಾಣು ಇನ್ನೂ ಇತ್ತು.

"ಇನ್ನೂ ಸಾಲಿಗೆ ಹೋಗೋಹಂಗಿಲ್ರಿ," ಎಂದೆ.

"ಟೈಫಾಯ್ಡಿಗೆ ಇಷ್ಟಾ ರಜಾ ಅಂತಾರ್ರಿ ಹೆಡ್‌ಮಾಸ್ತರು. ಸೋಮವಾರ ಹಾಜರಾಗ್ಲಿಲ್ಲಂದ್ರ ನೌಕ್ರಿ ಉಳಿಯಂಗಿಲ್ಲ. ವಾಸಿ ಆಗೈತಿ ಅಂತ ಬರದು ಕೊಡ್ರಿ."

ಬರೆದರೆ ಮಕ್ಕಳಿಗೆ ಕುತ್ತು, ಬರೆಯದಿದ್ದರೆ ಇವರ ಅನ್ನಕ್ಕೆ ಕುತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ನನ್ನಂಥವರಿಗೇ ಇರಬೇಕು.

ಮರುದಿನ ಬಳ್ಳಾರಿಯ ಬಸ್ಸು ಹತ್ತಿದೆ. ನನಗೆ ಕೆಲಸ ಕಲಿಸಿದ ಹಿರಿಯ ಡಾಕ್ಟರ ಮನೆ ಸತ್ಯನಾರಾಯಣಪೇಟೆಯಲ್ಲಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಸರಕಾರಿ ನೌಕರರ ನಿಯಮಗಳ ಹಳೆಯ ಪುಸ್ತಕ ತೆಗೆದು ನನ್ನ ಮುಂದೆ ಹಾಕಿದರು.

"ಓದಲೇ. ಕ್ಷಯಕ್ಕ ಬ್ಯಾರೆ ರಜಾನ ಐತಿ, ತಿಂಗಳುಗಟ್ಟಲೆ. ನೌಕ್ರಿ ಹೋಗಂಗಿಲ್ಲ. ರೋಗ ಮುಚ್ಚಿಟ್ಟೆ ಅನ್ಕೊಂಡಿ, ನೀ ಮುಚ್ಚಿಟ್ಟದ್ದು ಆಕಿ ಹಕ್ಕು."

ಆ ನಿಯಮವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಊರಿಗೆ ಬಂದು ಅಕ್ಕೋರಿಗೆ ಎಲ್ಲ ಹೇಳಿ, ನಿಜವಾದ ರೋಗವನ್ನು ಬರೆಯಲು ಒಪ್ಪಿಗೆ ಕೇಳಿದೆ.

"ಇಲಾಖೆ ಸಾಹೇಬ್ರ ಒಬ್ಬರಿಗೇ ಗೊತ್ತಾಗ್ಬೇಕ್ರಿ," ಎಂದು ಸೆರಗಿನ ಅಂಚು ತಿರುವುತ್ತ ಒಪ್ಪಿದರು.

ನನ್ನ ತಪ್ಪನ್ನೂ ಅವರ ನಿಜವಾದ ರೋಗವನ್ನೂ ಒಂದೇ ಕಾಗದದಲ್ಲಿ ಬರೆದು ಶಿಕ್ಷಣ ಇಲಾಖೆಯ ಅಧಿಕಾರಿಯ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು.

"ಸುಳ್ಳು ಬರದದ್ದಕ್ಕ ನಿಮ್ಮ ಡಾಕ್ಟರಿಕಿನ ಹೋಗಬಹುದು, ಗೊತ್ತೈತೇನ್ರಿ?"

"ಗೊತ್ತೈತ್ರಿ. ಆದ್ರ ಅವರ ನೌಕ್ರಿ ಉಳೀಬೇಕ್ರಿ."

ಅವರು ಬೈದರು, ಚೆನ್ನಾಗಿಯೇ ಬೈದರು. ಆಮೇಲೆ ಗುಮಾಸ್ತನನ್ನು ಕರೆಯದೆ ತಾವೇ ಕಾಗದವನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ರಜೆ ಮಂಜೂರಾಯಿತು. ಅಕ್ಕೋರು ಕುರುಗೋಡಿಗೆ, ತಾಯಿಯ ಹತ್ತಿರ ಹೋದರು.

ಸುಮಾರು ಒಂದು ವರ್ಷದ ಮೇಲೆ ಮೈ ತುಂಬಿಕೊಂಡು ಬಂದರು. ಕಫ ಸಲ ಸಲವೂ ಶುದ್ಧವಾಗಿ ಬಂದಿತ್ತು. ಕ್ಷಯ ಎಂದೇ ಬರೆದು, ಈಗ ಕೆಲಸಕ್ಕೆ ಯೋಗ್ಯರು ಎಂದು ಸಹಿ ಮಾಡಿದೆ. ಅವರು ಚೀಟಿಯನ್ನು ಒಂದಕ್ಷರ ಬಿಡದೆ ಓದಿ ನನ್ನ ಕಡೆಗೇ ಸರಿಸಿದರು.

"ಮಕ್ಕಳನ್ನ ತೊಡಿ ಮ್ಯಾಲೆ ಕುಂದ್ರಿಸ್ಕೋಬಹುದಲ್ರಿ? ಅದನ್ನೂ ಬರೀರಿ ಡಾಕ್ಟ್ರೇ."

ಅಂಥದ್ದಕ್ಕೆ ಯಾವ ನಿಯಮದಲ್ಲೂ ಜಾಗವಿರಲಿಲ್ಲ. ಸಹಿಯ ಕೆಳಗೆ ಬರೆದು, ಇನ್ನೊಮ್ಮೆ ಸಹಿ ಮಾಡಿಕೊಟ್ಟೆ.