ಎಂಬತ್ತು ಪಾಲು ಮಣ್ಣು

ಮಗಳು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಳು. "ಅಪ್ಪ, ನನ್ನ ಬೈಕಿಗೆ ನೂರರಲ್ಲಿ ಎಂಬತ್ತು ರೋಡ್, ಇಪ್ಪತ್ತು ಮಣ್ಣು. ಅಷ್ಟು ಹೇಳಿದ್ರೆ ಸಾಕು, ಯಾವ ಟೈರ್ ಅಂತ ಅಂಗಡಿಯವರಿಗೆ ಗೊತ್ತಾಗ್ತದೆ." ನಾನು ಅಂಗಡಿಯಲ್ಲಿ ಹೇಳಿದ್ದು ಎಂಬತ್ತು ಮಣ್ಣು, ಇಪ್ಪತ್ತು ರೋಡ್. ಕಿವಿ ಮಂದವಾಗಿ ಹೀಗಾಯಿತು ಎಂದರೆ ಯಾರಾದರೂ ನಂಬುತ್ತಾರೆ. ಎಪ್ಪತ್ತರ ಹತ್ತಿರ ಬಂದವನ ಕಿವಿಗೆ ಆ ಸೌಲಭ್ಯ ಇದೆ. ಆದರೆ ನನ್ನ ಕಿವಿ ಚೆನ್ನಾಗಿದೆ. ಆ ದಿನವಂತೂ ಬೇಕಾದ್ದಕ್ಕಿಂತ ಹೆಚ್ಚೇ ಚೆನ್ನಾಗಿತ್ತು. ತೊಂದರೆ ಶುರುವಾದದ್ದೇ ಅದರಿಂದ.

ನಾನು ಕಾಸರಗೋಡು ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಕೊಚ್ಚಿ ಹತ್ತಿರದ ಏಲೂರಿನ ಒಂದು ಗೊಬ್ಬರದ ಕಾರ್ಖಾನೆಗೆ ಸೇರಿದೆ. ನಿವೃತ್ತನಾದ ಮೇಲೂ ನಾನು, ಹೆಂಡತಿ ಅಲ್ಲೇ ಹತ್ತಿರದಲ್ಲಿದ್ದೇವೆ. ಒಬ್ಬಳೇ ಮಗಳು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿದ್ದಾಳೆ. ಅವಳ ಬೈಕು ಎತ್ತರದ್ದು, ಕಲ್ಲುದಾರಿ, ಕೆಸರುದಾರಿ ಎಲ್ಲಕ್ಕೂ ಆಗುವಂಥದ್ದು. ದಿನಾ ಆಫೀಸಿಗೆ ಅದರಲ್ಲೇ ಹೋಗುತ್ತಾಳೆ. ತಿಂಗಳಿಗೊಂದೆರಡು ಭಾನುವಾರ ಬೈಕಿನವರ ಗುಂಪಿನ ಜೊತೆ ಬೆಟ್ಟದ ಕೆಳಗಿನ ರಬ್ಬರ್ ತೋಟಗಳ ಮಣ್ಣುದಾರಿಗೆ ಹೋಗುತ್ತಾಳೆ. ಎಂಬತ್ತು, ಇಪ್ಪತ್ತು ಎಂಬ ಲೆಕ್ಕ ಬಂದದ್ದು ಹಾಗೆ.

ಈ ಬೈಕಿನ ವಿಷಯದಲ್ಲಿ ನನ್ನ ಮೊದಲ ಸುಳ್ಳು ಟೈರಿಗಿಂತಲೂ ಹಿಂದಿನದು. ಕೊಚ್ಚಿಯ ನಮ್ಮ ಕನ್ನಡ ಸಂಘದಲ್ಲಿ ಯಾರೋ ಅವಳ ಮನೆ ಮುಂದೆ ನಿಂತ ಬೈಕಿನ ಫೋಟೋ ನೋಡಿ ಯಾರದ್ದೆಂದು ಕೇಳಿದಾಗ, "ಅಳಿಯನದ್ದು" ಎಂದುಬಿಟ್ಟಿದ್ದೆ. ನನ್ನ ಅಳಿಯ ಬಹಳ ಒಳ್ಳೆಯ ಮನುಷ್ಯ. ಸ್ಕೂಟರಿನ ಹಿಂದೆ ಕೂತರೂ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಮಗಳಿಗೆ ಬೇಕಾದ ಸೈಜು ಕೊಚ್ಚಿಯ ವೈಟ್ಟಿಲದ ಒಂದು ಅಂಗಡಿಯಲ್ಲಿದೆ ಎಂದು ಅವಳ ಗುಂಪಿನವರು ತಿಳಿಸಿದ್ದರು. ಹೇಗೂ ನಾನು ಅವಳ ಮನೆಗೆ ಹೊರಟಿದ್ದೆ. ನಾನೇ ತರುತ್ತೇನೆ ಎಂದೆ. ಅಂಗಡಿಯವನು ಐವತ್ತರ ಆಸುಪಾಸಿನವನು, ಮಾತುಗಾರ. ಸೈಜು ಕೇಳಿದ್ದೇ ಮೂರು ಬಗೆಯ ಟೈರುಗಳನ್ನು ಉರುಳಿಸಿಕೊಂಡು ಬಂದ. ಒಂದು ಹೆಚ್ಚುಕಡಿಮೆ ನುಣುಪು, ಬರೀ ಗೀರುಗಳು. ಇನ್ನೊಂದರಲ್ಲಿ ರಬ್ಬರ್ ತುಂಡುಗಳು ಒತ್ತೊತ್ತಾಗಿ, ನಡುವೆ ಸಣ್ಣ ಕಾಲುವೆಗಳು. ಮೂರನೆಯದು ಗಂಟು ಗಂಟು, ದವಡೆ ಹಲ್ಲುಗಳನ್ನು ಬಿಡಿಬಿಡಿಯಾಗಿ ನೆಟ್ಟಂತೆ. ಆ ಸಂದಿಗಳಲ್ಲಿ ಕೆಸರು ತುಂಬಿದರೂ ಚಕ್ರ ತಿರುಗಿದ ಹಾಗೆ ಉದುರಿ ಹೋಗುತ್ತದೆಂದು ವಿವರಿಸಿದ.

"ಎಷ್ಟು ರೋಡ್, ಎಷ್ಟು ಮಣ್ಣು ಚೇಟ್ಟಾ?" ಎಂದು ಮಲಯಾಳದಲ್ಲಿ, ಅಣ್ಣಾ ಎನ್ನುವ ಸಲುಗೆಯಲ್ಲಿ ಕೇಳಿದ.

ಅಷ್ಟರಲ್ಲಿ ಹಿಂದೆ ನಿಂತಿದ್ದ ಇಬ್ಬರು ಹುಡುಗರು ಮಾತಾಡಿಕೊಂಡರು. ಕೊರಳಲ್ಲಿ ಐಟಿ ಪಾರ್ಕಿನ ಗುರುತಿನ ಪಟ್ಟಿ. ಭಾಷೆ ಅಪ್ಪಟ ಬೆಂಗಳೂರು ಕನ್ನಡ. ಇಲ್ಲಿ ಯಾರಿಗೂ ಅರ್ಥವಾಗದು ಎಂಬ ಧೈರ್ಯ.

"ನೋಡೋ, ತಾತ ಟೈರ್ ತಗೊಳ್ತಾವ್ರೆ. ಸ್ಕೂಟರ್‌ಗೆ ಇರ್ಬೇಕು."

"ಇಲ್ಲ ಕಣೋ, ಸೈಕಲ್‌ಗೆ. ದೇವಸ್ಥಾನಕ್ಕೆ ಹೋಗ್ಬೇಕಲ್ಲ, ಗ್ರಿಪ್ ಬೇಡ್ವಾ?"

ನಾನು ತಿರುಗಿದೆ. "ದೇವಸ್ಥಾನಕ್ಕೆ ನಾನು ನಡೆದೇ ಹೋಗ್ತೇನೆ ತಮ್ಮಾ. ಇದು ಬೆಟ್ಟಕ್ಕೆ."

ಇಬ್ಬರ ಮುಖವೂ ನೋಡುವಂತಿತ್ತು. "ಅಯ್ಯಯ್ಯೋ, ಸಾರಿ ತಾತ! ನೀವು ಕನ್ನಡದವ್ರಾ? ತಪ್ಪು ತಿಳ್ಕೋಬೇಡಿ." ಆಮೇಲೆ ಒಬ್ಬ ಟೈರುಗಳನ್ನೂ ನನ್ನನ್ನೂ ನೋಡಿ ದನಿ ತಗ್ಗಿಸಿ ಕೇಳಿದ: "ಬೈಕ್ ನಿಮ್ದೇನಾ?"

ಮಗಳದ್ದು ಎನ್ನಲು ಎಷ್ಟು ಹೊತ್ತು ಬೇಕು? ಆ ಮಾತು ನಾಲಿಗೆಯ ಮೇಲೆಯೇ ಇತ್ತು. ಆದರೆ ಒಂದು ಕ್ಷಣದ ಹಿಂದೆ ಸೈಕಲ್ ತಾತನಾಗಿದ್ದವನನ್ನು ಆ ಹುಡುಗರು ಈಗ ಬೇರೆಯೇ ಕಣ್ಣಿನಿಂದ ನೋಡುತ್ತಿದ್ದರು.

"ಮತ್ತೆ ಯಾರದ್ದು?" ಎಂದೆ.

ನನ್ನದು ಎಂದು ನಾನು ಹೇಳಲಿಲ್ಲ, ಬರೀ ಪ್ರಶ್ನೆ ಕೇಳಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ವಾದಿಸಿದ್ದೇನೆ. ಆ ವಾದದಲ್ಲಿ ಒಂದು ಸಲವೂ ಗೆದ್ದಿಲ್ಲ.

ಅಂಗಡಿಯವನು ಮತ್ತೆ ಕೇಳಿದ: "ಮಣ್ಣು ಎಷ್ಟು ಚೇಟ್ಟಾ?"

ಹುಡುಗರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಇಪ್ಪತ್ತು ಎಂದರೆ ಮರ್ಯಾದೆ ಉಳಿಯುವಂತಿರಲಿಲ್ಲ.

"ಎಂಬತ್ತು," ಎಂದೆ.

"ಎಂಬತ್ತಾ!" ಎಂದು ಅಂಗಡಿಯವನು ಎದೆ ಮುಟ್ಟಿಕೊಂಡ. "ಹಾಗಾದರೆ ಇದೇ. ಆದರೆ ಮಳೆಯಲ್ಲಿ ಡಾಂಬರಿನ ಮೇಲೆ ಜೋಪಾನ. ಗಂಟಿನ ತುದಿ ಮಾತ್ರ ನೆಲಕ್ಕೆ ತಾಗುವುದು. ರೋಡಿನಲ್ಲಿ ಬೇಗ ಸವೆಯುತ್ತದೆ ಕೂಡ."

ಅವನು ಎಲ್ಲವನ್ನೂ ಹೇಳಿದ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಹುಡುಗರು ಒಂದು ಟೈರನ್ನು ನನ್ನ ಕೊರಳಿಗೆ ಮಾಲೆಯಂತೆ ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಂಡರು. ನಾನು ನಕ್ಕೆ. ಚೆನ್ನಾಗಿಯೇ ನಕ್ಕೆ.

ತಿರುವನಂತಪುರದ ಬಸ್ಸಿನಲ್ಲಿ ಆ ಎರಡು ಟೈರುಗಳನ್ನು ಕಾಲ ಬಳಿ ಇಟ್ಟುಕೊಂಡೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು, "ಚೇಟ್ಟಾ, ನಮ್ಮ ಬಸ್ಸಿನ ಟೈರಿಗಿಂತ ಇದೇ ಚೆನ್ನಾಗಿದೆ. ದಾರಿಯಲ್ಲಿ ಪಂಕ್ಚರ್ ಆದರೆ ಕೇಳುತ್ತೇನೆ, ಕೊಡಬೇಕು" ಎಂದ. ಪಕ್ಕದ ಹೆಂಗಸು ತನ್ನ ನೇಂದ್ರ ಬಾಳೆಗೊನೆಯನ್ನು ಒಂದು ಟೈರಿನ ನಡುವೆ ಇಟ್ಟು ಕೊಲ್ಲಂ ತನಕ ನೆಮ್ಮದಿಯಾಗಿ ನಿದ್ದೆ ಮಾಡಿದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಮಗಳಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ.

ಅವಳಿಗೆ ನೋಡಿದ ತಕ್ಷಣ ಗೊತ್ತಾಯಿತು. "ಎಂತ ಅಪ್ಪ ಇದು? ನಾನು ಹೇಳಿದ್ದು ಇದಲ್ಲ. ಇದು ಪೂರ್ತಿ ಕೆಸರಿನದ್ದು."

"ಹೌದಾ? ನಾನು ಸರಿಯಾಗಿಯೇ ಹೇಳಿದ್ದೆ," ಎಂದೆ. "ಅಂಗಡಿಯವನು ಉಲ್ಟಾ ಕೇಳಿಸಿಕೊಂಡನೋ ಏನೋ."

ಇದು ಮೂರನೆಯ ಸುಳ್ಳು. ಮೊದಲ ಎರಡರಲ್ಲಿ ನಾನು ನನ್ನ ಮರ್ಯಾದೆ ಕಾಯ್ದುಕೊಂಡಿದ್ದೆ, ಅಷ್ಟೆ. ಇದರಲ್ಲಿ ನನಗೆ ಎಚ್ಚರಿಕೆ ಹೇಳಿ ಕಳಿಸಿದವನ ತಲೆಗೆ ತಪ್ಪು ಕಟ್ಟಿದೆ.

"ಹಳೇ ಟೈರ್ ಪೂರ್ತಿ ಸವೆದಿದೆ, ಬೇರೆ ದಾರಿ ಇಲ್ಲ. ಭಾನುವಾರ ಹೇಗೂ ಮಣ್ಣುದಾರಿ ಉಂಟು. ಆಮೇಲೆ ನೋಡುವ," ಎಂದು ಅವಳು ಅದನ್ನೇ ಹಾಕಿಸಿಕೊಂಡಳು.

ಭಾನುವಾರ ಸಂಜೆ ಬಂದಾಗ ಅವಳ ಹಲ್ಲು ಮಾತ್ರ ಬೆಳ್ಳಗಿತ್ತು, ಉಳಿದದ್ದೆಲ್ಲ ಕೆಸರು. "ಅಪ್ಪ, ಒಂದು ಏರು ಉಂಟು, ಎಲ್ಲರೂ ಅರ್ಧಕ್ಕೆ ಜಾರಿ ಕೆಳಗೆ ಬಂದ್ರು. ನಾನು ಸೀದಾ ಮೇಲೆ! ಆ ಮನುಷ್ಯ ತಪ್ಪಿ ಕೊಟ್ಟದ್ದು ಒಳ್ಳೆದೇ ಆಯ್ತು." ನಾನು ಬೈಕ್ ತೊಳೆಯಲು ನೀರು ಹಿಡಿದೆ. ಗಂಟುಗಳ ಸಂದಿಯಿಂದ ಕೆಂಪು ಮಣ್ಣು ಉಂಡೆಯುಂಡೆಯಾಗಿ ಉದುರಿತು. ಸುಳ್ಳಿನಿಂದಲೂ ಒಳ್ಳೆಯದಾಯಿತಲ್ಲ ಎಂದು ಆ ರಾತ್ರಿ ಚೆನ್ನಾಗಿ ಊಟ ಮಾಡಿದೆ.

ಆ ವಾರವೇ ಮಳೆ ಹಿಡಿಯಿತು. ಬೈಕು ಗೇಟಿನ ಹತ್ತಿರ ಬರುವ ಮೊದಲೇ ಟೈರಿನ ಗೊಂಯ್ ಎಂಬ ಸದ್ದು ಕೇಳಿಸುತ್ತಿತ್ತು. ಒಂದು ಸಂಜೆ ಆ ಸದ್ದು ಬರಲಿಲ್ಲ, ಆಟೋ ಬಂತು. ಆಫೀಸಿನಿಂದ ಬರುವಾಗ ಚಾಲೈ ಪೇಟೆಯ ಕಡೆ ತಿರುಗುವಲ್ಲಿ ರಸ್ತೆಯ ಬಿಳಿ ಪಟ್ಟಿಯ ಮೇಲೆ ಬ್ರೇಕ್ ಹಾಕಿದಳಂತೆ. ಮುಂದಿನ ಚಕ್ರ ಸೋಪಿನ ಮೇಲೆ ಇಟ್ಟಂತೆ ಜಾರಿತಂತೆ. ಮೂಟೆ ಹೊರುವವರು ಓಡಿ ಬಂದು ಬೈಕನ್ನೂ ಅವಳನ್ನೂ ಎತ್ತಿ, ಬಿಸಿ ಚಹಾ ಕುಡಿಸಿ ಕಳಿಸಿದ್ದರು. ದೇವರು ದೊಡ್ಡವನು, ಬಲಗೈಯ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಮರುದಿನ ಅವಳು ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಸೋಫಾದಲ್ಲಿ ಕೂತು, "ಅಪ್ಪ, ಇಲ್ಲಿ ಬನ್ನಿ" ಎಂದಳು. "ಆ ಅಂಗಡಿಯ ಬಗ್ಗೆ ನಮ್ಮ ಬೈಕಿನವರ ವಾಟ್ಸಾಪ್ ಗುಂಪಿಗೆ ಹೇಳ್ಬೇಕು. ಇಡೀ ಕೇರಳದವರು ಇದ್ದಾರೆ ಅದ್ರಲ್ಲಿ, ಇನ್ನೊಬ್ಬರು ಬೀಳ್ಬಾರ್ದು. ಸರಿಯಾಗಿ ಕೇಳಿಸಿಕೊಳ್ಳದೆ ಟೈರ್ ಕೊಡುವವನ ಹತ್ರ ಯಾರೂ ಹೋಗ್ಬಾರ್ದು. ನೀವೇ ಸಾಕ್ಷಿ. ಮಾತಾಡಿ, ವಾಯ್ಸ್ ಕಳಿಸುವ."

ಎಡಗೈಯಲ್ಲಿ ಫೋನ್ ಹಿಡಿದು, ಹೆಬ್ಬೆರಳಿನಿಂದ ಮೈಕ್ ಒತ್ತಿ, ನನ್ನ ಬಾಯಿಯ ಹತ್ತಿರ ತಂದಳು. ಒಬ್ಬ ಮನುಷ್ಯನ ವ್ಯಾಪಾರ ಈಗ ನನ್ನ ಬಾಯಲ್ಲಿತ್ತು. ಎರಡು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು, ಅವನದು. "ಮಳೆಯಲ್ಲಿ ಜೋಪಾನ" ಎಂದ ಅವನ ಮುಖ ಕಣ್ಣ ಮುಂದೆ ಬಂತು.

ಮಲಯಾಳದಲ್ಲಿ ಹೇಳಿದೆ: "ನಮಸ್ಕಾರ. ನಾನು ಇವಳ ಅಪ್ಪ. ಅಂಗಡಿಯವರದು ತಪ್ಪಿಲ್ಲ. ಅವರು ಎರಡು ಸಲ ಕೇಳಿದರು, ಎಚ್ಚರಿಕೆಯನ್ನೂ ಹೇಳಿದರು. ಎಂಬತ್ತು ಪಾಲು ಮಣ್ಣು ಎಂದವನು ನಾನು. ಅಲ್ಲಿ ಇಬ್ಬರು ಹುಡುಗರಿದ್ದರು. ಅವರ ಮುಂದೆ ಬೈಕ್ ನನ್ನದೇ ಎಂದು ತೋರಿಸಿಕೊಂಡೆ. ಆಮೇಲೆ ಅಂಗಡಿಯವರೇ ಉಲ್ಟಾ ಕೇಳಿಸಿಕೊಂಡರೆಂದು ಮಗಳಿಗೂ ಸುಳ್ಳು ಹೇಳಿದೆ. ಅವಳು ಬಿದ್ದದ್ದು ನನ್ನಿಂದ."

ಅವಳ ಹೆಬ್ಬೆರಳು ಬೆರಗಿನಿಂದ ಮೇಲೆದ್ದಿತು. ಫೋನು ಸುಂಯ್ ಎಂದಿತು. ಹೋಯಿತು.

ಕೈನೋವಿನ ಬಗ್ಗೆ ಬಯ್ಯುತ್ತಾಳೆಂದುಕೊಂಡೆ. ಅವಳು ಕೇಳಿದ್ದು ಬೇರೆ. "ನನ್ನ ಬೈಕ್ ಅಂತ ಹೇಳ್ಲಿಕ್ಕೆ ನಿಮಗೆ ಎಂತ ನಾಚಿಕೆ ಅಪ್ಪ?"

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಸಂಘದಲ್ಲಿ ಹೇಳಿದ್ದನ್ನೂ ಹೇಳಿದೆ. ಹೆಣ್ಣುಮಗಳನ್ನು ಹೀಗೆ ಬಿಟ್ಟಿದ್ದಾನೆ ಎಂದು ನಾಲ್ಕು ಜನ ಆಡಿಕೊಂಡಾರು ಎಂದು ಹೆದರಿದ್ದೆ. ಅವಳ ಮನೆಗೆ ಬಂದರೆ ಮಾತ್ರ ಅದೇ ಬೈಕನ್ನು ನಾನೇ ಒರೆಸುತ್ತಿದ್ದೆ.

ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ಅಳಿಯ ಸಟ್ಟುಗದ ಸಮೇತ ಓಡಿ ಬಂದ. "ಅಯ್ಯೋ ಮಾವ, ನನ್ನದು ಅಂತ ಹೇಳಿದ್ದೀರಾ? ಅವರು ಬಂದು ಒಂದು ರೌಂಡ್ ಓಡ್ಸಿ ತೋರ್ಸು ಅಂದ್ರೆ ನಾನು ಎಂತ ಮಾಡ್ಲಿ?"

ಮಗಳು ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ನಗುವಾಗ ಕೈ ಅಲುಗಿ, "ಅಮ್ಮಾ!" ಎಂದು ಕಿರುಚಿ, ಮತ್ತೆ ನಕ್ಕಳು.

ಅಷ್ಟರಲ್ಲಿ ಫೋನು ಟಿಂಗ್ ಟಿಂಗ್ ಎನ್ನತೊಡಗಿತ್ತು. ಒಬ್ಬ ತಾನೂ ಎಪ್ಪತ್ತು ಮಣ್ಣು ಎಂದು ಹೇಳಿ ಗಂಟಿನ ಟೈರ್ ಹಾಕಿಸಿದ್ದಾಗಿಯೂ, ಬೈಕು ಮಣ್ಣು ಕಂಡದ್ದು ಮನೆ ಮುಂದೆ ಪೈಪ್ ಅಗೆದಾಗ ಮಾತ್ರ ಎಂದ. ಇನ್ನೊಬ್ಬ ಹೆಂಡತಿಗೆ ಹೇಳಿದ ಲೆಕ್ಕ ಬೇರೆ, ಅಂಗಡಿಗೆ ಹೇಳಿದ್ದು ಬೇರೆ ಎಂದ. ಆಮೇಲೆ ಒಂದು ಫೋಟೋ ಬಂತು: ಕೊರಳಿಗೆ ಟೈರ್ ಹಾಕಿಕೊಂಡು ಹಲ್ಲು ಕಿರಿಯುತ್ತಿರುವ ನಾನು. ಜೊತೆಗೆ ಆ ಹುಡುಗರಲ್ಲೊಬ್ಬನ ಕನ್ನಡದ ದನಿ: "ತಾತ, ನಾವೂ ಎಲ್ರ ಹತ್ರ ಬಿಡೋದು ಬರೀ ಬುರುಡೆ! ನಮ್ ಬೈಕ್ ಫ್ಲಾಟಿಂದ ಆಫೀಸಿಗೆ, ಆಫೀಸಿಂದ ಫ್ಲಾಟಿಗೆ, ಅಷ್ಟೇ. ಅಕ್ಕಾ, ಕೈ ಹುಷಾರು. ತಾತನ್ನ ಜಾಸ್ತಿ ಬೈಬೇಡಿ."

ಕೊನೆಗೆ ಬಂದದ್ದು ಅಂಗಡಿಯವನದು. ಅವನೂ ಅದೇ ಗುಂಪಿನಲ್ಲಿದ್ದ. "ಚೇಟ್ಟಾ, ಮುಂದಿನ ಸಲ ಗಾಡಿಯ ಯಜಮಾನಿಯನ್ನೇ ಕರೆದುಕೊಂಡು ಬನ್ನಿ."

ಕೈ ವಾಸಿಯಾದ ಮೇಲೆ ಅವಳು ರೈಲಿನಲ್ಲಿ ಕೊಚ್ಚಿಗೆ, ನಮ್ಮ ಮನೆಗೆ ಬಂದಳು. ಗಂಟಿನ ಟೈರುಗಳು ಭಾನುವಾರಕ್ಕೆಂದು ಅವಳ ಮನೆಯ ಅಟ್ಟ ಸೇರಿದ್ದವು, ದಿನದ ಓಡಾಟಕ್ಕೆ ಬೇರೆ ಬೇಕಿತ್ತು. ಇಬ್ಬರೂ ವೈಟ್ಟಿಲಕ್ಕೆ ಹೋದೆವು. ಅಂಗಡಿಯವನ ಹತ್ತಿರ ನಾನು ಕ್ಷಮೆ ಕೇಳುವ ಮೊದಲೇ ಅವನು ಇದ್ದಬದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದ: "ಚೇಟ್ಟಾ, ಗಾಡಿ ಯಾರದ್ದು?"

"ಮಗಳದ್ದು," ಎಂದೆ.

"ಕೇಳಿಸಲಿಲ್ಲ. ನಾನು ಉಲ್ಟಾ ಕೇಳಿಸಿಕೊಳ್ಳುವವನಲ್ಲವಾ?"

"ಮಗಳದ್ದು!" ಎಂದು ನಾನೂ ಕೂಗಿದೆ. ಅಂಗಡಿಯಲ್ಲಿದ್ದ ನಾಲ್ಕೈದು ಜನ ತಿರುಗಿ ಮೊದಲು ನನ್ನನ್ನು, ಆಮೇಲೆ ಅವಳನ್ನು ನೋಡಿದರು. ಅವಳು ನೆಟ್ಟಗೆ ನಿಂತಳು.

ಅಂಗಡಿಯವನು ಮೂರೂ ಬಗೆಯ ಟೈರುಗಳನ್ನು ಉರುಳಿಸಿಕೊಂಡು ಬಂದು ಅವಳನ್ನು ಕೇಳಿದ: "ಮಣ್ಣು ಎಷ್ಟು ಮಗಳೇ?"

ಮಗಳು ಗಂಟಿನ ಟೈರಿನ ಮೇಲೆ ಕೈಯಾಡಿಸಿದಳು. ಆ ಏರು ನೆನಪಾಗಿರಬೇಕು. ಅವಳ ಹಿಂದೆ ಬೈಕಿನ ಹೆಲ್ಮೆಟ್ ಹಿಡಿದ ಇಬ್ಬರು ಹುಡುಗಿಯರು ಕಾಯುತ್ತಿದ್ದರು.

"ನಲವತ್ತು," ಎಂದಳು.

ನಾನು ಕೆಮ್ಮಿದೆ.

"ಮೂವತ್ತು."

ಇನ್ನೊಮ್ಮೆ ಕೆಮ್ಮಿದೆ. ಅವಳು ನನ್ನ ಕಡೆ ತಿರುಗಿ ನೋಡಿ, ತುಟಿ ಕಚ್ಚಿಕೊಂಡು, "ಇಪ್ಪತ್ತು" ಎಂದಳು. ಅಂಗಡಿಯವನು ನಡುವಿನ ಟೈರಿಗೆ ಕೈ ಹಾಕಿದ.