ತಾಲೀಸಪತ್ರದ ಎರಡು ಚೀಲ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿದ ನಾನು ಮುಂಬಯಿಯ ಸಯನ್‌ನಲ್ಲಿ ಅಕ್ಕನ ಮನೆಯಲ್ಲಿದ್ದೆ. ಕೆಲಸ ಸಿಕ್ಕಿದ್ದು ಜೋಗೇಶ್ವರಿಯಲ್ಲಿ, ಆಯುರ್ವೇದ ಔಷಧ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ. ಮಾಲೀಕರು ಗದಗಿನ ಕಡೆಯ ವಯಸ್ಸಾದ ವೈದ್ಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬಂದ ಸಾಮಾನನ್ನು ಪರೀಕ್ಷಿಸುವುದು ನನ್ನ ಕೆಲಸ.

ಒಮ್ಮೆ ಕೆಮ್ಮಿನ ಪುಡಿಗೆಂದು ತಾಲೀಸಪತ್ರದ ಎರಡು ಚೀಲ ಬಂದವು. ಹಿಮಾಲಯದ ನಿತ್ಯಹಸಿರು ಗಿಡದ, ಸೂಜಿಯಂಥ ಒಣ ಎಲೆ. ನನ್ನ ಕಣ್ಣಿಗೆ ಎರಡೂ ಒಂದೇ. ಮೊದಲ ಚೀಲದ್ದನ್ನು ಬಟ್ಟಿ ಇಳಿಸಿದಾಗ ಕರ್ಪೂರದಂಥ ವಾಸನೆಯ ಎಣ್ಣೆ ತೇಲಿತು. ಎರಡನೆಯದರಿಂದ ಹೆಚ್ಚುಕಡಿಮೆ ಬರೀ ನೀರು. ಅನುಮಾನ ಬಂದು, ಅದರ ಕಷಾಯಕ್ಕೆ ಆಲ್ಕಲಾಯ್ಡ್ ಪತ್ತೆಹಚ್ಚುವ ದ್ರಾವಣ ಬಿಟ್ಟೆ; ಗಿಡಗಳಲ್ಲಿನ ಎಷ್ಟೋ ವಿಷಗಳು ಆ ಜಾತಿಯವು. ಕಿತ್ತಳೆ ಬಣ್ಣದ ಗಷ್ಟು ತಳಕ್ಕಿಳಿಯಿತು, ಅಂದರೆ ಆಲ್ಕಲಾಯ್ಡ್ ಇದೆ.

ಕಪಾಟಿನ ಪುಸ್ತಕಗಳನ್ನು ತೆಗೆದೆ. ಒಂದರ ಪ್ರಕಾರ ತಾಲೀಸಪತ್ರವೆಂದರೆ ಫರ್ ಮರದ ಎಲೆ. ಇನ್ನೊಂದರ ಪ್ರಕಾರ ಯೂ ಎಂಬ ಗಿಡದ್ದು. ಅದರಲ್ಲಿರುವ ಟ್ಯಾಕ್ಸಿನ್ ಎಂಬ ಆಲ್ಕಲಾಯ್ಡ್ ಹೃದಯವನ್ನೇ ನಿಲ್ಲಿಸಬಲ್ಲದು ಎಂದೂ ಅಲ್ಲೇ ಬರೆದಿತ್ತು. ಔಷಧವೆಂದದ್ದೂ ಅದೇ ಪುಟ, ವಿಷವೆಂದದ್ದೂ ಅದೇ ಪುಟ.

"ಕಾಕಾ, ಈ ಚೀಲದಾಗ ವಿಷದ ಎಲಿ ಇದ್ದಂಗ ಕಾಣ್ತದ."

ಅವರು ನಾಲ್ಕು ಎಲೆ ಅಂಗೈಯಲ್ಲಿ ಉಜ್ಜಿ ಮೂಸಿದರು. "ನಮ್ಮಪ್ಪ ಎರಡೂ ತರತಿದ್ರವ್ವಾ. ಯಾವುದು ಸಿಗ್ತದೋ ಅದು. ಯಾರಿಗೂ ಏನೂ ಆಗಿಲ್ಲ." ಎಲೆಗಳನ್ನು ಮತ್ತೆ ಚೀಲಕ್ಕೆ ಹಾಕುತ್ತಾ, "ಆಗಿದ್ರೂ ನಮಗ ಯಾರು ಬಂದು ಹೇಳ್ತಿದ್ರು?" ಎಂದರು.

"ಹಂಗಾರ ಹಿಂದಿನ ಪುಡ್ಯಾಗ ಯಾವ ಎಲಿ ಇತ್ತು?"

"ಯಾರಿಗೆ ಗೊತ್ತು, ತಂಗಿ."

ಸಂಜೆ ಮನೆಗೆ ಬಂದರೆ ಅಕ್ಕನ ಅತ್ತೆ ನಮ್ಮ ಕಾರ್ಖಾನೆಯ ಹಳೆಯ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕುತ್ತಿದ್ದರು. "ಅತ್ತಿಯಾರ, ಅದು ಬ್ಯಾಡ್ರಿ," ಎಂದೆ.

"ಯಾಕ? ಇದರಿಂದನ ನನ್ನ ಕೆಮ್ಮು ಹೋಗೇದ. ನೀನ ತಂದು ಕೊಟ್ಟಿ, ಈಗ ನೀನ ಬ್ಯಾಡಂತಿ!"

ಅದರಲ್ಲಿ ಯಾವ ಎಲೆಯಿದೆಯೆಂದು ನನಗೇ ಗೊತ್ತಿರಲಿಲ್ಲ. ಮರುದಿನ ಆ ಡಬ್ಬಿಯ ಪುಡಿಯನ್ನೇ ಒಯ್ದು ಪರೀಕ್ಷಿಸಿದೆ. ಕಿತ್ತಳೆ ಗಷ್ಟು ಬಂದೇ ಬಂತು. ಗಾಬರಿಯಾಗಿ ಕುಳಿತವಳಿಗೆ ಆಮೇಲೆ ಹೊಳೆಯಿತು: ಪುಡಿಯಲ್ಲಿ ಮೆಣಸು, ಹಿಪ್ಪಲಿಯೂ ಇವೆ, ಅವುಗಳ ಖಾರವೂ ಆಲ್ಕಲಾಯ್ಡೇ. ಗಷ್ಟು ಮೆಣಸಿನದೋ ಎಲೆಯದೋ, ನನ್ನ ಬಳಿಯಿದ್ದ ಸಾಮಾನಿನಿಂದ ಹೇಳಲು ಸಾಧ್ಯವಿರಲಿಲ್ಲ.

ಕಾಕಾ ಎರಡನೆಯ ಚೀಲವನ್ನು ವಾಪಸು ಕಳಿಸಿದರು. "ನಿನ್ನ ಮಾತು ಸುಳ್ಳಾದ್ರ ಒಂದು ಚೀಲ ಹೋಗ್ತದ. ಖರೇ ಆದ್ರ?" ಎಂದಷ್ಟೇ ಅಂದರು.

ಮೊದಲ ಚೀಲದ ಪರಿಮಳದ ಎಲೆಯಿಂದ ಮಾಡಿದ ಹೊಸ ಪುಡಿಯನ್ನು ಅತ್ತೆಗೆ ತಂದುಕೊಟ್ಟೆ. ವಾರ ಕಳೆಯುವುದರೊಳಗೆ ಕೆಮ್ಮು ಮರಳಿತು. ಚಳಿಗಾಲದ ಗಾಳಿಗೋ, ಎಲೆ ಬದಲಾಗಿದ್ದಕ್ಕೋ ತಿಳಿಯಲಿಲ್ಲ. "ಇದರಾಗ ಕಸುವಿಲ್ಲ. ಹಳೇದ ತಾ," ಎಂದು ಅವರು ದಿನವೂ ಕೇಳುತ್ತಿದ್ದರು. ತೀರಿಹೋಗಿದೆ ಎಂದೆ. ಅವರ ಆಯುಷ್ಯ ಉಳಿಸಿದೆನೋ, ಅವರಿಗೆ ಹಿಡಿಸಿದ ಮದ್ದನ್ನೇ ಕಸಿದೆನೋ, ಇಂದಿಗೂ ನನಗೆ ಗೊತ್ತಿಲ್ಲ.