ಚೆನ್ನಾಗಿದೆ ಎನ್ನಬಾರದು

ಯಾರಾದರೂ ನನ್ನನ್ನು ಹೊಗಳಿದರೆ ನನಗೆ ಮೊದಲು ಆಗುವುದು ಸಂತೋಷವಲ್ಲ, ಭಯ. ಮೊನ್ನೆ ನನ್ನ ಹೆಂಡತಿ ಯಾವ ಮುನ್ಸೂಚನೆಯೂ ಇಲ್ಲದೆ, 'ಇವತ್ತು ಸಾರು ಚೆನ್ನಾಗಿ ಮಾಡಿದೀರ' ಎಂದುಬಿಟ್ಟಳು. ನಾನು ತಟ್ಟೆ ಬಿಟ್ಟು ಎದ್ದುಹೋಗಿ ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿಕೊಂಡು ಬಂದೆ. ಇದು ನನ್ನ ಹುಟ್ಟುಗುಣವೇನಲ್ಲ. ಕೋಲಾರದ ಒಂದು ಲಾರಿ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಕಲಿತ ವಿದ್ಯೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಮಾಲೂರಿನ ಹೆಂಚು, ಮುಳಬಾಗಿಲಿನ ತರಕಾರಿ, ಶ್ರೀನಿವಾಸಪುರದ ಮಾವು, ಎಲ್ಲವನ್ನೂ ಹೇರಿಕೊಂಡು ದೂರದೂರಿಗೆ ಹೋಗುವ ಕಂಪನಿ ಅದು. ಮೂರೂ ಊರಿನಲ್ಲಿ ಒಂದೊಂದು ಬುಕಿಂಗ್ ಆಫೀಸು, ಅಲ್ಲೊಂದು ಕಂಪ್ಯೂಟರ್, ಪಕ್ಕದಲ್ಲಿ ಕಿರ್ರೋ ಎಂದು ಕಿರುಚುವ ಒಂದು ಮೋಡೆಮ್. ಈ ಮೂರನ್ನೂ ಟೆಲಿಫೋನ್ ತಂತಿಯ ಮೂಲಕ ಕೋಲಾರದ ಒಂದೇ ಸರ್ವರಿಗೆ ಕಟ್ಟಿಹಾಕಿದ್ದೆವು. ನನ್ನ ಕಾರ್ಡಿನ ಮೇಲೆ ಸಾಫ್ಟ್‌ವೇರ್ ಡೆವಲಪರ್ ಎಂದಿತ್ತು. ಬರೆದ ಪ್ರೋಗ್ರಾಮಿಗಿಂತ ಹೋದ ಲೈನನ್ನು ಹುಡುಕಿ ತಂದದ್ದೇ ಹೆಚ್ಚು. ಮಳೆ ಬಂದರೆ ಮಾಲೂರು ಹೋಗುತ್ತಿತ್ತು, ಗಾಳಿ ಬಂದರೆ ಮುಳಬಾಗಿಲು. ಶ್ರೀನಿವಾಸಪುರ ಹೋಗಲು ಕಾರಣವೇ ಬೇಕಿರಲಿಲ್ಲ.

ನಮ್ಮ ಕೆಲಸದಲ್ಲಿ ಪಿಂಗ್ ಎಂಬ ಒಂದು ಪುಟ್ಟ ಆಜ್ಞೆ ಇದೆ. ಅದನ್ನು ಕೊಟ್ಟರೆ ಈ ಕಡೆಯ ಕಂಪ್ಯೂಟರ್ ಆ ಕಡೆಯದನ್ನು 'ಇದ್ದೀಯಾ?' ಎಂದು ಕೇಳುತ್ತದೆ. ಇದ್ದರೆ ಅದು 'ಇದ್ದೀನಿ' ಎನ್ನುತ್ತದೆ. ಅಷ್ಟೇ. ಊಟವಾಯಿತೇ, ಮಕ್ಕಳು ಹೇಗಿದ್ದಾರೆ, ಒಂದೂ ಇಲ್ಲ. ಉತ್ತರ ಬರದಿದ್ದರೆ ಸ್ವಲ್ಪ ಕಾದು ಮತ್ತೆ ಕೇಳುತ್ತದೆ. ಎಷ್ಟೋ ಮಧ್ಯಾಹ್ನಗಳನ್ನು ನಾನು ಹೀಗೆ ಶ್ರೀನಿವಾಸಪುರವನ್ನು ಇದ್ದೀಯಾ, ಇದ್ದೀಯಾ ಎಂದು ಕೇಳುತ್ತಾ ಕಳೆದಿದ್ದೇನೆ. ಸಂಜೆ ಮನೆಗೆ ಹೋದಾಗ ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಏನು ಉತ್ತರ ಕೊಡುತ್ತಿದ್ದೆನೋ ಗೊತ್ತಿಲ್ಲ.

ಈ ಕೋಣೆಯ ಯಜಮಾನರು ವೆಂಕಟರಮಣಪ್ಪನವರು. ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಸರ್ವರನ್ನು ಕೊಂಡು ತಂದು, ಜೋಡಿಸಿ, ಸಾಕಿದವರು. ಆಂಧ್ರದ ಗಡಿಯ ತಾಯಲೂರಿನ ಕಡೆಯವರಾದ್ದರಿಂದ ಲೆಕ್ಕಾಚಾರವನ್ನು ಕನ್ನಡದಲ್ಲೂ ಸಿಟ್ಟನ್ನು ತೆಲುಗಿನಲ್ಲೂ ಮಾಡುತ್ತಿದ್ದರು. ಮುಳಬಾಗಿಲಿನ ಬುಕಿಂಗ್ ಆಫೀಸಿನಲ್ಲಿ ಕೂತಿದ್ದ ನಾಗರಾಜ ಅವರ ಬಾಮೈದ. ಅವನ ಮೇಲೆ ಮಾತ್ರ ಎರಡೂ ಭಾಷೆಯಲ್ಲಿ ರೇಗುತ್ತಿದ್ದರು.

ಲಾರಿಯವರಿಗೂ ದೃಷ್ಟಿಗೂ ಇರುವ ಸಂಬಂಧ ನಿಮಗೆ ಗೊತ್ತೇ ಇದೆ. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ಹಳೆಯ ಚಪ್ಪಲಿ. ನಮ್ಮ ಕಂಪನಿಯಲ್ಲಿ ಅದೇ ಸಂಪ್ರದಾಯ ಕಂಪ್ಯೂಟರಿಗೂ ಬಂತು. ಪ್ರತಿ ಶನಿವಾರ ಲಾರಿಗಳಿಗೆ ಕಟ್ಟಿ ಉಳಿದ ಒಂದು ಸರ ಸರ್ವರ್ ಕೋಣೆಯ ಬಾಗಿಲಿಗೆ ಏರುತ್ತಿತ್ತು. ಚಪ್ಪಲಿಯೂ ಏರುತ್ತಿತ್ತೋ ಏನೋ, ಒಳಗೆ ಏಸಿ ಹಾಕಿರುತ್ತದೆ, ವಾಸನೆ ಹೊರಗೆ ಹೋಗುವುದಿಲ್ಲ ಎಂದು ನಾವೇ ಬೇಡಿಕೊಂಡೆವು.

ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ನಡೆಯುತ್ತಿರುವ ಸರ್ವರಿನ ಎದುರು ಯಾರೂ 'ಚೆನ್ನಾಗಿದೆ' ಎನ್ನಬಾರದು. ಅಕೌಂಟ್ಸಿನ ಶಾರದಾ ಮೇಡಂ ಒಂದು ದಿನ ಒಳಗೆ ಬಂದು, 'ಅಬ್ಬ, ಈ ವಾರ ಎಷ್ಟು ಚೆನ್ನಾಗ್ ನಡೀತಿದೆ ಅಲ್ವಾ ಸಾರ್!' ಎಂದರು. ಅವರು ಬಾಗಿಲು ದಾಟುವುದರೊಳಗೆ ಮೂರು ಊರೂ ಒಟ್ಟಿಗೆ ಹೋದವು. ವೆಂಕಟರಮಣಪ್ಪನವರು ತಲೆ ಮೇಲೆ ಕೈಹೊತ್ತು, 'ನರುಡಿ ಕಂಟಿಕಿ ನಾಪರಾಯಿ ಪಗುಲುತುಂದಿ' ಎಂದರು. ಮನುಷ್ಯರ ಕಣ್ಣು ಬಿದ್ದರೆ ಚಪ್ಪಡಿಕಲ್ಲೂ ಬಿರಿಯುತ್ತದೆ ಎಂದು ಅದರ ಅರ್ಥ. ಚಪ್ಪಡಿಕಲ್ಲೇ ಬಿರಿಯುವಾಗ ಮೋಡೆಮ್ ಯಾವ ಲೆಕ್ಕ? ಅಂದಿನಿಂದ ಯಾರು ಕೇಳಿದರೂ ನಮ್ಮ ಉತ್ತರ 'ಏನೋ ಒಂದ್ ನಡೀತಿದೆ' ಎಂದೇ.

ಯಂತ್ರಕ್ಕಿದ್ದ ನಿಯಮ ಮೆಲ್ಲಗೆ ಮನುಷ್ಯರಿಗೂ ಹಬ್ಬಿತು. ಆ ಕೋಣೆಯಲ್ಲಿ ಯಾರೂ ಯಾರನ್ನೂ ಹೊಗಳುತ್ತಿರಲಿಲ್ಲ. ಒಂದು ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಲೈನು ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನವಾದರೆ ಹೋಗತೊಡಗಿತು. ಸಂಜೆಗೆ ತಾನೇ ಬರುತ್ತಿತ್ತು. ಟೆಲಿಫೋನಿನವರನ್ನು ಬೈದೆ, ನನ್ನ ಪ್ರೋಗ್ರಾಮನ್ನು ಬೈದುಕೊಂಡೆ, ಕೊನೆಗೆ ಬಸ್ಸು ಹತ್ತಿ ಹೋಗಿ ನೋಡಿದರೆ, ಅಲ್ಲಿನ ಗುಮಾಸ್ತರ ಮನೆಯವರು ಮೋಡೆಮಿಗೆ ಧೂಳು ಕೂರಬಾರದೆಂದು ಒಂದು ದಪ್ಪನೆಯ ಕಸೂತಿ ಕವರು ಹೊಲಿದು ಕೊಟ್ಟಿದ್ದಾರೆ! ಟೀವಿಗೆ ಹಾಕುತ್ತೇವಲ್ಲ, ಹಾಗೆಯೇ. ಗಿಳಿ, ದ್ರಾಕ್ಷಿಗೊಂಚಲು, ಸುತ್ತ ಜಾಲರಿ. ಬಿಸಿಲೇರಿದ ಹಾಗೆ ಒಳಗಿನ ಮೋಡೆಮ್ ಬೆಂದು ಬಾಯಿ ಮುಚ್ಚುತ್ತಿತ್ತು. 'ಇದಕ್ಕೇನು ಚಳಿಯಾ?' ಎಂದೆ. 'ಚಳೀಗಲ್ಲ ಸಾರ್, ಧೂಳಿಗೆ. ಅಂದಕ್ಕೂ ಆಯ್ತು' ಎಂದರು ಗುಮಾಸ್ತರು. ಕವರನ್ನು ತೆಗೆಸಿ, ಗಿಳಿಗೆ ಬೇಸರವಾಗದಂತೆ ಕುರ್ಚಿಗೆ ಹೊದಿಸಿ ಬಂದೆ.

ಕೋಲಾರಕ್ಕೆ ಮರಳುವಾಗ ಬಸ್ಸಿನಲ್ಲಿ ನಾನು ಪಡೆಯಬಹುದಾದ ಹೊಗಳಿಕೆಯನ್ನು ನಾನೇ ಹಲವು ರೀತಿಯಲ್ಲಿ ಬರೆದು ನೋಡಿಕೊಂಡೆ. ವೆಂಕಟರಮಣಪ್ಪನವರು ಕಥೆಯನ್ನೆಲ್ಲ ಕೇಳಿ, 'ಹೂಂ. ಊಟ ಮಾಡ್ದಾ?' ಎಂದರು. ಆ 'ಹೂಂ'ನಲ್ಲಿ ಏನಾದರೂ ಇತ್ತೇ ಎಂದು ನಾನು ಬಹಳ ದಿನ ಹುಡುಕಿದ್ದೇನೆ. ನಮ್ಮಲ್ಲಿ ದೇವರನ್ನು ಬೈದು ಹೊಗಳುವ ನಿಂದಾಸ್ತುತಿ ಎಂಬ ಪದ್ಧತಿಯೇ ಇದೆ. ತಿರುಪೆಯವನು, ಮೈಗೆಲ್ಲ ಬೂದಿ ಬಳಿದುಕೊಂಡವನು ಎಂದು ಭಕ್ತರು ಬೈದರೆ ದೇವರು ಖುಷಿಪಡುತ್ತಾನಂತೆ. ದೇವರಿಗೆ ಬೈಗುಳವಾದರೂ ಸಿಗುತ್ತದೆ. ನನಗೆ ಸಿಕ್ಕಿದ್ದು ಊಟದ ವಿಚಾರಣೆ.

ಅವರು ಬಾಯಿ ಬಿಟ್ಟು ಹೊಗಳಿದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೆ. ಹಳೆಯ ಸರ್ವರನ್ನು ತೆಗೆದು ಹೊಸದನ್ನು ಕೂರಿಸಿದ ದಿನ ಅದು. ಹಳೆಯದರ ಪ್ಲಗ್ಗು ಕೀಳುವವರೆಗೂ ಸುಮ್ಮನಿದ್ದರು. ಫ್ಯಾನು ಪೂರ್ತಿ ನಿಂತ ಮೇಲೆ ಅದರ ಬೆನ್ನು ಸವರಿ, 'ಪಾಪ, ಚೆನ್ನಾಗ್ ದುಡೀತು ಕಣೋ' ಎಂದರು. ಇನ್ನು ದೃಷ್ಟಿ ತಗಲುವ ಹೆದರಿಕೆ ಇರಲಿಲ್ಲವಲ್ಲ.

ಇಂಥ ವೆಂಕಟರಮಣಪ್ಪನವರು ಕಾಯಿಲೆ ಬಿದ್ದರು. ಲಿವರ್ ತೊಂದರೆ. ಕೋಲಾರದಲ್ಲೇ ಆಸ್ಪತ್ರೆಗೆ ಸೇರಿಸಿದರು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಅವರ ಹೆಂಡತಿ ರತ್ನಮ್ಮನವರಿಗೆ ಹೇಳಿದ್ದರು, ಅವರು ನನಗೆ ಹೇಳಿದರು, ರೋಗಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಇಷ್ಟು ಕಲಿಸಿದ ಮನುಷ್ಯನಿಗೆ ಒಂದು ಒಳ್ಳೆಯ ಮಾತನ್ನು ಬದುಕಿರುವಾಗಲೇ ಹೇಳಬೇಕು ಎನಿಸಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

ಮಂಚದ ಪಕ್ಕ ಕೂತು ಶುರುಮಾಡಿದೆ. 'ಸಾರ್, ನಿಮ್ ಕೈಕೆಳಗೆ ಕೆಲ್ಸ ಕಲ್ತಿದ್ದು ನನ್ ಪುಣ್ಯ. ನೀವು ಅಷ್ಟು ಚೆನ್ನಾಗಿ...'

ಅವರ ಮುಖ ಬಿಳಿಚಿಕೊಂಡಿತು. ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. 'ರತ್ನಾ, ಡಾಕ್ಟ್ರು ಏನಂದ್ರೇ? ಇವನ್ಯಾಕೆ ನನ್ನ ಹೊಗಳ್ತಿದಾನೆ?'

ರತ್ನಮ್ಮನವರು ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ನೋಡಿದರು. ನಾನು ಎಂಥ ಮೂರ್ಖ! ಪ್ಲಗ್ಗು ಕಿತ್ತ ಮೇಲೆ ಆಡುವ ಮಾತನ್ನು ಇನ್ನೂ ನಡೆಯುತ್ತಿರುವವರ ಎದುರು ಆಡಿಬಿಟ್ಟಿದ್ದೆ. ಅವರ ಕಣ್ಣಿನಲ್ಲಿದ್ದ ಹೆದರಿಕೆಯನ್ನು ಹೇಗಾದರೂ ಅಳಿಸಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

'ಅಲ್ಲ ಸಾರ್, ಮುಳಬಾಗಿಲು ಲೈನ್ ಹೋಗ್ಬಿಟ್ಟಿದೆ. ನನ್ ಕೈಲಿ ಆಗ್ತಾ ಇಲ್ಲ. ನಿಮ್ಮನ್ನ ಕೇಳೋಣ ಅಂತ, ಅದಕ್ಕೇ ಸ್ವಲ್ಪ ಮಸ್ಕಾ ಹೊಡೆದೆ.'

'ಹಂಗನ್ನು ಮತ್ತೆ!' ಎಂದು ಅವರು ಮೊಣಕೈ ಊರಿ ಎದ್ದು ಕೂತರು. ಮುಖಕ್ಕೆ ಬಣ್ಣ ಬಂತು. 'ಏಮಿರಾ, ಇಷ್ಟು ವರ್ಷ ಏನ್ ಕಲ್ತೆ ನೀನು? ಕೇಬಲ್ ಬದಲಾಯ್ಸಿ ನೋಡಿದ್ಯಾ? ಕಂಬದಿಂದ ಒಳಗೆ ಬರೋ ವೈರ್ ಇಲಿ ಕಡಿದಿರುತ್ತೆ, ನೋಡಿದ್ಯಾ?' ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಅಷ್ಟು ಸುಖವಾಗಿ ಬೈಸಿಕೊಂಡದ್ದು ಜೀವನದಲ್ಲೇ ಇಲ್ಲ.

ಮುಳಬಾಗಿಲು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅಂದಿನಿಂದ ದಿನಾ ಸಂಜೆ ಆಸ್ಪತ್ರೆಗೆ ಹೋಗಿ ವರದಿ ಒಪ್ಪಿಸುವುದು ನನ್ನ ಕೆಲಸವಾಯಿತು. 'ಬಂತೇನೋ?' ಎನ್ನುತ್ತಿದ್ದರು. 'ಇನ್ನೂ ಇಲ್ಲ ಸಾರ್.' 'ಹಾಳಾದೋನೆ, ಇವತ್ತು ಹೀಗೆ ಮಾಡಿ ನೋಡು' ಎಂದು ಒಂದು ಹೊಸ ಉಪಾಯ ಹೇಳುತ್ತಿದ್ದರು. ಬಂತು ಎಂದುಬಿಟ್ಟರೆ ನಾಳೆಗೆ ಅವರಿಗೆ ಏನು ಉಳಿಯುತ್ತದೆ ಎಂದು ನನಗೆ ಭಯ. ಇಲ್ಲದ ರೋಗಕ್ಕೆ ಅವರು ಮದ್ದು ಹೇಳುತ್ತಿದ್ದರು, ಇರುವ ರೋಗದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಬರಬರುತ್ತಾ ಉಪಾಯಗಳು ವಿಚಿತ್ರವಾದವು. ಮೋಡೆಮನ್ನು ಪೂರ್ವಕ್ಕೆ ತಿರುಗಿಸಿ ಇಡು ಎಂದರು. ಒಂದು ಸಂಜೆ ಬಹಳ ನಿಧಾನವಾಗಿ, 'ಸರ್ವರ್ ಕೆನ್ನೆಗೊಂದು ದೃಷ್ಟಿಬೊಟ್ಟು ಇಡು' ಎಂದು ಕಣ್ಣು ಮುಚ್ಚಿಕೊಂಡರು. ಕಾಯಿಲೆ ತಲೆಗೇರಿದೆ ಎಂದುಕೊಂಡು ನಾನು ಹೊರಗೆ ಬಂದು ಅತ್ತೆ.

ಅದಾದ ಮೇಲೆ ಬಹಳ ದಿನ ಅವರು ಉಳಿಯಲಿಲ್ಲ.

ತಿಥಿಯ ದಿನ ಕಂಪನಿಯವರೆಲ್ಲ ಬಂದಿದ್ದರು. ಪೆಂಡಾಲಿನ ಕೆಳಗೆ ಒಬ್ಬೊಬ್ಬರಾಗಿ ಅವರನ್ನು ಹೊಗಳಿದರು. ಎಂಥ ಕೆಲಸಗಾರ, ಎಂಥ ಶಿಸ್ತು, ಕೈಯಿಟ್ಟರೆ ಸಾಕು ಲೈನು ಬರುತ್ತಿತ್ತು. ಎಲ್ಲವೂ ನಿಜ. ಪ್ಲಗ್ಗು ಕಿತ್ತಾಗಿತ್ತು, ಇನ್ನು ಯಾರು ಏನು ಬೇಕಾದರೂ ಹೇಳಬಹುದಿತ್ತು. ನಾನು ಎಲೆಯ ಮುಂದೆ ಕೂತು ವಡೆ ಮುರಿಯುತ್ತಾ ಇದ್ದೆ.

ರತ್ನಮ್ಮನವರು ಪಾಯಸದ ಬಕೆಟ್ಟು ಹಿಡಿದವರನ್ನು ಮುಂದೆ ಕಳಿಸಿ ನನ್ನ ಹತ್ತಿರ ನಿಂತರು. 'ಮುಳಬಾಗಿಲು ಲೈನು ಹೋಗಿರ್ಲಿಲ್ಲ ಅನ್ನೋದು ಅವ್ರಿಗೆ ಗೊತ್ತಿತ್ತಪ್ಪ' ಎಂದರು.

ನಾನು ವಡೆ ಬಿಟ್ಟು ಅವರ ಮುಖ ನೋಡಿದೆ.

'ನಮ್ ನಾಗರಾಜ ಅಲ್ಲೇ ತಾನೇ ಇರೋದು. ನೋಡೋಕೆ ಬಂದವ್ನು ಎರಡನೇ ದಿನಾನೇ ಹೇಳ್ಬಿಟ್ಟ.'

ಮೂರು ಊರಿನಲ್ಲಿ ಬಾಮೈದ ಇರುವ ಊರನ್ನೇ ಆರಿಸಿಕೊಂಡಿದ್ದೆ! ಶ್ರೀನಿವಾಸಪುರ ಎಂದಿದ್ದರೆ ಯಾರು ಬೇಕಾದರೂ ನಂಬುತ್ತಿದ್ದರು.

'ಪಾಪ, ಆ ಹುಡುಗ ದಿನಾ ಓಡಿಬರ್ತಾನೆ, ಗೊತ್ತು ಅಂತ ಹೇಳ್ಬಿಡ್ರಿ ಅಂದೆ. ಬೇಡ್ವೇ ಬೇಡ, ಸುಮ್ನಿರು ಅಂದ್ರು. ಸುಳ್ಳು ಚೆನ್ನಾಗ್ ಹೇಳ್ತಾನೆ, ಹೇಳ್ಲಿ ಅಂದ್ರು.'

ಆ ಮಾತು ಕಿವಿಗೆ ಬಿದ್ದದ್ದೇ, ಅಭ್ಯಾಸಬಲದಿಂದ ನಾನು ಬೆಚ್ಚಿ ಸುತ್ತಲೂ ನೋಡಿದೆ, ಈಗ ಏನು ಕೆಡುತ್ತದೋ ಎಂದು. ಕೆಡುವುದಕ್ಕೆ ಏನೂ ಉಳಿದಿರಲಿಲ್ಲ. ಹಾಗಾಗಿ ಆ ಒಂದು ಹೊಗಳಿಕೆಯನ್ನು ಮಾತ್ರ ನಾನು ಹೆದರದೆ ಇಟ್ಟುಕೊಂಡಿದ್ದೇನೆ.